‘ರೈಸ್’ಗೆ ತಗಾಲೊಗ್‌ನಲ್ಲಿ ಏನೆನ್ನುತ್ತಾರೆ?

ಪ್ರಶ್ನೆ: ಕೆಲಸಕ್ಕಾಗಿ ಫಿಲಿಪೀನ್ಸಿನ ಮನಿಲಾಕ್ಕೆ ಹೋಗುತ್ತಿದ್ದೇನೆ. ಇಂಗ್ಲಿಷಿನ ‘ರೈಸ್’ಗೆ ಅಲ್ಲಿನ ತಗಾಲೊಗ್ ಭಾಷೆಯ ಪದ ಯಾವುದು? ಆ ಭಾಷೆ ಸ್ಪ್ಯಾನಿಷ್‌ನ ಕವಲಂತೆ. ಸ್ಪ್ಯಾನಿಷ್ ಪದವನ್ನೇ ಬಳಸಬಹುದೇ?

ಉತ್ತರ: ಬಳಸಬೇಡಿ. ಇಂಗ್ಲಿಷನ್ನೂ ನಡುವೆ ತರಬೇಡಿ, ನಿಮಗೆ ಕನ್ನಡವೇ ಸಾಕು. ಭತ್ತ ‘ಪಾಲಯ್’, ಅಕ್ಕಿ ‘ಬಿಗಾಸ್’, ಅನ್ನ ‘ಕಾನಿನ್’. ಗಂಜಿ ‘ಲುಗಾವ್’, ತಂಗಳನ್ನ ‘ಬಾಹವ್’, ಆ ತಂಗಳನ್ನವನ್ನೇ ಬೆಳ್ಳುಳ್ಳಿಯೊಂದಿಗೆ ಹುರಿದರೆ ‘ಸಿನಙಾಗ್’. ಇಂಗ್ಲಿಷಿನವರು ಒಂದೇ ಪದದಲ್ಲಿ ಮುಗಿಸುವುದನ್ನು ಅಕ್ಕಿ ಉಣ್ಣುವ ಜನ ಹೀಗೆ ಬೇರೆ ಬೇರೆಯಾಗಿ ಹೆಸರಿಸುತ್ತಾರೆ.

ಇನ್ನು ಆ ಕವಲಿನ ಮಾತು. ಎಷ್ಟು ಸಲ ಅಲ್ಲಗಳೆದರೂ ಇದು ಮತ್ತೆ ಮತ್ತೆ ಬರುತ್ತಲೇ ಇದೆ. ಸ್ಪೇನ್ 1565ರಿಂದ 1898ರವರೆಗೆ ಫಿಲಿಪೀನ್ಸನ್ನು ಆಳಿತು, ನಿಜ. ಕಿಟಕಿ, ಚಮಚ, ವಾರದ ದಿನಗಳ ಹೆಸರುಗಳು ಸ್ಪ್ಯಾನಿಷ್‌ನಿಂದ ಬಂದವು, ಅದೂ ನಿಜ. ಚಾವಿ, ಅಲಮಾರು ಕನ್ನಡಕ್ಕೆ ಪೋರ್ಚುಗೀಸಿನಿಂದ ಬಂದವಲ್ಲವೇ? ಅಷ್ಟಕ್ಕೇ ಕನ್ನಡ ಪೋರ್ಚುಗೀಸಿನ ಕವಲಾಯಿತೇ? ಎರವಲು ಪದ ಬೇರೆ, ವಂಶ ಬೇರೆ. ತಗಾಲೊಗ್ ಆಸ್ಟ್ರೊನೇಷಿಯನ್ ಕುಟುಂಬದ್ದು. ಮಲಯ್, ಜಾವಾನೀಸ್, ದೂರದ ಮಡಗಾಸ್ಕರದ ಮಲಗಾಸಿ ಅದರ ನಂಟರು. ಸಾಕ್ಷಿ ನಿಮ್ಮ ಪ್ರಶ್ನೆಯಲ್ಲೇ ಇದೆ. ತಗಾಲೊಗ್‌ನ ‘ಪಾಲಯ್’ ಮಲಯ್‌ನಲ್ಲಿ ‘ಪಾದಿ’. ಇಂಗ್ಲಿಷಿನ ‘ಪ್ಯಾಡಿ’ ಹುಟ್ಟಿದ್ದೂ ಅದರಿಂದಲೇ. ‘ಬಿಗಾಸ್’ ಮಲಯ್‌ನಲ್ಲಿ ‘ಬೆರಾಸ್’. ಸ್ಪ್ಯಾನಿಷ್‌ನ ‘ಅರ್ರೋಸ್’ ಕೋಳಿ, ಶುಂಠಿ ಹಾಕಿದ ಗಂಜಿಯಾದ ‘ಅರೋಸ್ ಕಾಲ್ದೊ’ದಂತಹ ಕೆಲವು ತಿನಿಸುಗಳ ಹೆಸರಿನಲ್ಲಷ್ಟೇ ಉಳಿದಿದೆ. ವ್ಯಾಕರಣವನ್ನಂತೂ ಸ್ಪ್ಯಾನಿಷ್ ಮುಟ್ಟಿಯೇ ಇಲ್ಲವೆನ್ನಬೇಕು. ‘ಕಾಯಿನ್’ ಎಂದರೆ ತಿನ್ನು. ಅದರ ಹೊಟ್ಟೆಯೊಳಗೆ ‘ಉಮ್’ ಸೇರಿದರೆ ‘ಕುಮಾಯಿನ್’, ತಿಂದ. ಮೊದಲಕ್ಷರ ಇಮ್ಮಡಿಸಿದರೆ ‘ಕಕಾಯಿನ್’, ತಿನ್ನುತ್ತಾನೆ, ಮುಂದೆ. ಹೀಗೆ ಕ್ರಿಯಾಪದ ಕಟ್ಟುವ ಪದ್ಧತಿ ಸ್ಪ್ಯಾನಿಷ್‌ನಲ್ಲಿ ಎಲ್ಲಿದೆ? ‘ಕಾನಿನ್’ ಎಂಬ ಪದವೂ ಈ ‘ಕಾಯಿನ್’ನಿಂದಲೇ ಬಂದದ್ದು.

ನೀವು ಕೇಳದ ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ, ಊಟದ ಹೊತ್ತಿನಲ್ಲೇ ಅದು ಬೇಕಾಗುತ್ತದೆ. ನಮ್ಮ ‘ನಾವು’ ಎಂಬುದಕ್ಕೆ ಅವರಲ್ಲಿ ಎರಡು ಪದಗಳಿವೆ. ಕೇಳುವವರನ್ನೂ ಸೇರಿಸಿಕೊಂಡರೆ ‘ತಾಯೊ’, ಬಿಟ್ಟರೆ ‘ಕಾಮಿ’. ತೆಲುಗಿನ ‘ಮನಮು’, ‘ಮೇಮು’ ಬಲ್ಲವರಿಗೆ ಇದು ತಕ್ಷಣ ಹೊಳೆಯುತ್ತದೆ; ಸ್ಪ್ಯಾನಿಷ್‌ನಲ್ಲಿ ಈ ಭೇದವೇ ಇಲ್ಲ. ‘ಕುಮಾಯಿನ್ ನಾ ತಾಯೊ’ ಎಂದರೆ ಬನ್ನಿ, ಊಟ ಮಾಡೋಣ. ‘ಕುಮಾಯಿನ್ ನಾ ಕಾಮಿ’ ಎಂದರೆ ನಮ್ಮದು ಊಟ ಆಯಿತು. ಮೊದಲನೆಯದು ಕೇಳಿಸಿದರೆ ಕೈ ತೊಳೆದುಕೊಂಡು ಬನ್ನಿ.