ಸಂಪತ್ತಿನ ಜನಾಂಗೀಯ ಅಂತರ: ನೀತಿ ಬದಲಾವಣೆಯ ಕೆಲಸಕ್ಕೆ ಅನುದಾನ ಹೇಗೆ ಸಲ್ಲುತ್ತದೆ

ಮೊದಲು ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಬರೆದುಕೊಳ್ಳಿ. ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಮೂರು ವರ್ಷಕ್ಕೊಮ್ಮೆ ಕುಟುಂಬಗಳ ಆಸ್ತಿ ಮತ್ತು ಸಾಲಗಳ ಸಮೀಕ್ಷೆ ನಡೆಸುತ್ತದೆ. 2022ರ ಸಮೀಕ್ಷೆಯಲ್ಲಿ ಬಿಳಿಯರ ಕುಟುಂಬಗಳ ಸಂಪತ್ತಿನ ಮಧ್ಯಾಂಕ, ಅಂದರೆ ಕುಟುಂಬಗಳನ್ನು ಸಂಪತ್ತಿನ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಟ್ಟನಡುವಿನ ಕುಟುಂಬದ ಸಂಪತ್ತು, ಸುಮಾರು 2,85,000 ಡಾಲರ್. ಕಪ್ಪುಜನರ ಕುಟುಂಬಗಳದ್ದು ಸುಮಾರು 44,900 ಡಾಲರ್. ಇಲ್ಲಿ ಸಂಪತ್ತು ಎಂದರೆ ಸಂಬಳವಲ್ಲ. ಮನೆ, ಜಮೀನು, ಉಳಿತಾಯ, ಷೇರುಗಳನ್ನೆಲ್ಲ ಕೂಡಿಸಿ, ಸಾಲ ಕಳೆದ ಮೇಲೆ ಉಳಿಯುವುದು. ಸರಾಸರಿಯನ್ನು ಬಿಟ್ಟು ಮಧ್ಯಾಂಕವನ್ನು ಹಿಡಿಯುವುದಕ್ಕೆ ಕಾರಣವಿದೆ: ಬೆರಳೆಣಿಕೆಯ ಕೋಟ್ಯಧಿಪತಿಗಳು ಸರಾಸರಿಯನ್ನು ಮೇಲಕ್ಕೆ ಎಳೆದುಬಿಡುತ್ತಾರೆ.

ತಿಂಗಳ ಖರ್ಚು ಸಂಬಳದಲ್ಲಿ ನಡೆದುಹೋಗುತ್ತದೆ. ಮಗಳ ಕಾಲೇಜಿಗೆ, ಕೆಲಸ ಕಳೆದುಕೊಂಡ ಆರು ತಿಂಗಳಿಗೆ, ಮನೆ ಕೊಳ್ಳುವಾಗಿನ ಮುಂಗಡಕ್ಕೆ ಬೇಕಾಗುವುದು ಕೂಡಿಟ್ಟ ಗಂಟು. ಆ ಗಂಟು ಬಹುಮಟ್ಟಿಗೆ ಹೆತ್ತವರಿಂದ ಬರುತ್ತದೆ, ಅವರಿಗೆ ಅವರ ಹೆತ್ತವರಿಂದ. ಹಾಗಾಗಿ ಅಜ್ಜನಿಗೆ ಮುಚ್ಚಿದ ಬಾಗಿಲು ಮೊಮ್ಮಗಳಿಗೂ ಮುಚ್ಚಿಯೇ ಇರುತ್ತದೆ.

ಮುಚ್ಚಿದ್ದು ಯಾರು ಎಂಬ ಪ್ರಶ್ನೆಗೆ ಉತ್ತರ ಸರ್ಕಾರಿ ಕಡತಗಳಲ್ಲೇ ಇದೆ. 1865ರಲ್ಲಿ ಬಿಡುಗಡೆಯಾದ ಗುಲಾಮರಿಗೆ ನಲವತ್ತು ಎಕರೆಯವರೆಗೆ ಭೂಮಿ ಹಂಚಲು ಜನರಲ್ ಶರ್ಮನ್ ಆದೇಶ ಹೊರಡಿಸಿದ; ಅದೇ ವರ್ಷ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಆ ಭೂಮಿಯನ್ನು ಹಳೆಯ ಒಡೆಯರಿಗೆ ಮರಳಿಸಿದ. 1930ರ ದಶಕದಲ್ಲಿ ಸರ್ಕಾರದ ಗೃಹಸಾಲ ನಿಗಮ ನಗರಗಳ ನಕ್ಷೆ ಮಾಡಿಸಿ, ಕಪ್ಪುಜನರ ಬಡಾವಣೆಗಳಿಗೆ ಹೆಚ್ಚುಕಡಿಮೆ ಎಲ್ಲೆಡೆ ಕೆಂಪು ಬಣ್ಣ ಬಳಿಸಿತು. ಕೆಂಪು ಎಂದರೆ ಸಾಲಕ್ಕೆ ಅಪಾಯದ ಜಾಗ. 1935ರ ಸಾಮಾಜಿಕ ಭದ್ರತಾ ಕಾಯ್ದೆ ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಹೊರಗಿಟ್ಟಿತು. ಅಂದಿನ ಕಪ್ಪುಜನ ದುಡಿಮೆಗಾರರಲ್ಲಿ ಬಹುಪಾಲು ಈ ಎರಡು ಕೆಲಸಗಳಲ್ಲೇ ಇದ್ದರು. ಯುದ್ಧದಿಂದ ಮರಳಿದ ಯೋಧರಿಗಾಗಿ 1944ರಲ್ಲಿ ಕಾಯ್ದೆ ಬಂತು. ಅದರಡಿ 1947ರಲ್ಲಿ ಮಿಸಿಸಿಪ್ಪಿ ರಾಜ್ಯದ ಹದಿಮೂರು ನಗರಗಳಲ್ಲಿ ಸರ್ಕಾರದ ಖಾತರಿಯೊಂದಿಗೆ ಕೊಟ್ಟ ಸಾಲಗಳು 3,229. ಕಪ್ಪುಜನ ಯೋಧರಿಗೆ ಸಿಕ್ಕಿದ್ದು ಎರಡು. ಈ ಎರಡರ ಲೆಕ್ಕ ಓದಿದ ಮೇಲೆ ಹಣಕಾಸಿನ ಶಿಸ್ತು ಕಲಿಸಿದರೆ ಅಂತರ ಮುಚ್ಚುತ್ತದೆ ಎಂಬ ಮಾತನ್ನು ನಂಬುವುದು ನನಗೆ ಸಾಧ್ಯವಾಗಿಲ್ಲ. ಕಾನೂನು ಮಾಡಿದ್ದನ್ನು ಸರಿಪಡಿಸಲು ಕಾನೂನನ್ನೇ ಮುಟ್ಟಬೇಕು. ಅದಕ್ಕೇ ಕೆಲವು ಪ್ರತಿಷ್ಠಾನಗಳು ವಿದ್ಯಾರ್ಥಿವೇತನದ ಜೊತೆಗೆ ನೀತಿ ಬದಲಾವಣೆಯ ಕೆಲಸಕ್ಕೂ ಅನುದಾನ ಕೊಡುತ್ತವೆ.

ವಾರಸುದಾರರ ಜಮೀನು

ಈ ಕೆಲಸ ಹೇಗಿರುತ್ತದೆ ಎಂಬುದಕ್ಕೆ ಒಂದೇ ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಉಯಿಲು ಬರೆಯದೆ ತೀರಿಹೋದ ರೈತನ ಜಮೀನು ಎಲ್ಲ ಮಕ್ಕಳಿಗೂ, ಮುಂದೆ ಎಲ್ಲ ಮೊಮ್ಮಕ್ಕಳಿಗೂ ಅವಿಭಕ್ತವಾಗಿ ಸೇರುತ್ತದೆ. ತೀರಿಹೋದ ಅಜ್ಜನ ಹೆಸರಿನಲ್ಲೇ ಉಳಿದ ಪಹಣಿ, ಆಗದೇ ಉಳಿದ ಪೌತಿ ಖಾತೆ ಇವನ್ನು ಕಂಡಿರುವ ನಮ್ಮ ಹಳ್ಳಿಯವರಿಗೆ ಈ ತೊಡಕು ತಕ್ಷಣ ಅರ್ಥವಾಗುತ್ತದೆ. ಹಕ್ಕುಪತ್ರ ಚೊಕ್ಕಟವಿಲ್ಲದ ಜಮೀನಿಗೆ ಬ್ಯಾಂಕ್ ಸಾಲ ಕೊಡುವುದಿಲ್ಲ, ಸರ್ಕಾರದ ನೆರವೂ ಸುಲಭವಾಗಿ ಬರುವುದಿಲ್ಲ. ಅಲ್ಲಿ ಅದಕ್ಕಿಂತ ದೊಡ್ಡ ಅಪಾಯವೊಂದಿತ್ತು. ದೂರದ ಊರಿನ ಒಬ್ಬ ವಾರಸುದಾರನಿಂದ ಸಣ್ಣ ಪಾಲು ಕೊಂಡ ಹೊರಗಿನವನು ನ್ಯಾಯಾಲಯಕ್ಕೆ ಹೋಗಿ ಇಡೀ ಜಮೀನನ್ನು ಹರಾಜಿಗೆ ತರಿಸಬಹುದಿತ್ತು. ಹರಾಜಿನಲ್ಲಿ ಅರೆಬೆಲೆಗೆ ಕೊಳ್ಳುವವನು ಎಷ್ಟೋ ಸಲ ಅವನೇ. ಕಪ್ಪುಜನರ ಕೈಯಿಂದ ಭೂಮಿ ಜಾರಿದ ದಾರಿಗಳಲ್ಲಿ ಇದು ಮುಖ್ಯವಾದದ್ದು.

ಕಾನೂನು ಪ್ರಾಧ್ಯಾಪಕ ಥಾಮಸ್ ಮಿಚೆಲ್ ಕರಡು ರೂಪಿಸಿದ ಮಾದರಿ ಕಾಯ್ದೆಯನ್ನು, ರಾಜ್ಯಗಳಿಗೆ ಇಂಥ ಮಾದರಿಗಳನ್ನು ಸಿದ್ಧಪಡಿಸುವ ಏಕರೂಪ ಕಾನೂನು ಆಯೋಗ 2010ರಲ್ಲಿ ಒಪ್ಪಿಕೊಂಡಿತು. ಅದರ ಪ್ರಕಾರ ಸ್ವತಂತ್ರ ಮೌಲ್ಯಮಾಪನ ನಡೆಯಬೇಕು. ಮಾರಾಟ ಕೇಳಿದವನ ಪಾಲನ್ನು ಕೊಳ್ಳುವ ಅವಕಾಶ ಮೊದಲು ಉಳಿದ ವಾರಸುದಾರರಿಗೆ ಸಿಗಬೇಕು. ಮಾರಲೇಬೇಕಾದರೆ ಸಾಮಾನ್ಯವಾಗಿ ಮುಕ್ತ ಮಾರುಕಟ್ಟೆಯಲ್ಲಿ ಮಾರಬೇಕು. ಜಾರ್ಜಿಯಾ, ಅಲಬಾಮಾ, ದಕ್ಷಿಣ ಕ್ಯಾರೊಲಿನಾ ಒಂದೊಂದಾಗಿ ಇದನ್ನು ಅಂಗೀಕರಿಸಿದವು. ಗಮನಿಸಿ: ಇಲ್ಲಿ ಯಾರಿಗೂ ಹೊಸದಾಗಿ ದುಡ್ಡು ಹಂಚಿಲ್ಲ. ಇದ್ದದ್ದು ಕೈತಪ್ಪದಂತೆ ನಿಯಮ ಬದಲಾಗಿದೆ, ಅಷ್ಟೇ. ಆದರೆ ಇಂಥ ಒಂದು ನಿಯಮ ಬದಲಾಗಲು ಹರಾಜಿನ ದಾಖಲೆ ಹುಡುಕಬೇಕು, ಕುಟುಂಬಗಳ ಮಾತು ಕೇಳಬೇಕು, ವಕೀಲರನ್ನು ತಯಾರು ಮಾಡಬೇಕು, ವರದಿ ಬರೆಯಬೇಕು. ಇವೆಲ್ಲಕ್ಕೂ ಸಂಬಳ ಕೊಡುವವರು ಬೇಕು.

ಲಾಬಿ ಎಂಬ ಗೆರೆ

ನಾವು ಹೆಚ್ಚು ಎಡವುವ ಜಾಗ ಇದು. ಲಾಬಿ ಎಂದರೆ ಒಂದು ಮಸೂದೆಯ ಪರವಾಗಿ ಇಲ್ಲವೇ ವಿರುದ್ಧವಾಗಿ ಶಾಸಕರ ಮನವೊಲಿಸುವುದು. ದತ್ತಿ ಸಂಸ್ಥೆಗಳು ಲಾಬಿ ಮಾಡುವಂತಿಲ್ಲ ಎಂದು ಬಹಳ ಜನ ತಿಳಿದಿದ್ದಾರೆ, ನಾನೂ ಹಾಗೇ ತಿಳಿದಿದ್ದೆ. ಅದು ತಪ್ಪು. ಅಮೆರಿಕದ ತೆರಿಗೆ ಕಾನೂನಿನ 501(ಸಿ)(3) ವಿಭಾಗದಡಿ ಬರುವ ದತ್ತಿ ಸಂಸ್ಥೆಗೆ ಚುನಾವಣಾ ಪ್ರಚಾರ ಪೂರ್ತಿ ನಿಷಿದ್ಧ; ಲಾಬಿಗೆ ಮಿತಿ ಮಾತ್ರ ಇದೆ. 1976ರಲ್ಲಿ ಬಂದ 501(ಎಚ್) ಆಯ್ಕೆಯನ್ನು ತೆಗೆದುಕೊಂಡ ಸಂಸ್ಥೆಗೆ ಆ ಮಿತಿ ಡಾಲರ್ ಲೆಕ್ಕದಲ್ಲಿ ಸಿಗುತ್ತದೆ. ವರ್ಷದ ಖರ್ಚಿನ ಮೊದಲ ಐದು ಲಕ್ಷ ಡಾಲರಿಗೆ ಶೇ 20, ಮುಂದಿನ ಐದು ಲಕ್ಷಕ್ಕೆ ಶೇ 15, ಹೀಗೆ ಇಳಿಯುತ್ತಾ ಹೋಗುತ್ತದೆ. ಒಟ್ಟು ಹತ್ತು ಲಕ್ಷ ಡಾಲರ್ ದಾಟುವಂತಿಲ್ಲ. ಹತ್ತು ಲಕ್ಷ ಡಾಲರ್ ಖರ್ಚಿನ ಸಂಸ್ಥೆಗೆ ಲೆಕ್ಕ ಹಾಕಿ ನೋಡಿ: 1,00,000 ಕೂಡಿಸು 75,000, ಅಂದರೆ 1,75,000. ಅದರ ಕಾಲು ಭಾಗವಾದ 43,750 ಡಾಲರನ್ನು ಮಾತ್ರ ಜನರಿಂದ ಶಾಸಕರಿಗೆ ಕರೆ ಮಾಡಿಸುವ ಬಗೆಯ ಪ್ರಚಾರಕ್ಕೆ ಬಳಸಬಹುದು.

ಎಲ್ಲಿಂದ ಲಾಬಿ ಶುರು? 'ಈ ಕೌಂಟಿಯಲ್ಲಿ ವಾರಸುದಾರರ ಜಮೀನುಗಳು ಹೀಗೆ ಹರಾಜಾಗಿವೆ' ಎಂಬ ವರದಿ ಲಾಬಿಯಲ್ಲ. ಅದೇ ವರದಿ ಹಿಡಿದು ಶಾಸಕರ ಕೊಠಡಿಗೆ ಹೋಗಿ 'ಈ ಮಸೂದೆಗೆ ಮತ ಹಾಕಿ' ಎಂದರೆ ನೇರ ಲಾಬಿ. 'ಈ ಮಸೂದೆ ಪಾಸಾಗಬೇಕು, ನಿಮ್ಮ ಶಾಸಕರಿಗೆ ಫೋನ್ ಮಾಡಿ' ಎಂದು ಊರಿನವರಿಗೆ ಕರಪತ್ರ ಹಂಚಿದರೆ ಜನಮಟ್ಟದ ಲಾಬಿ. ಇನ್ನು ಬ್ಯಾಂಕುಗಳು ತಾವು ಠೇವಣಿ ಪಡೆಯುವ ಪ್ರದೇಶಕ್ಕೆ ಸಾಲವನ್ನೂ ಕೊಡಬೇಕೆನ್ನುವ 1977ರ ಸಮುದಾಯ ಮರುಹೂಡಿಕೆ ಕಾಯ್ದೆಯ ನಿಯಮಗಳು ಬಿಗಿಯಾಗಲಿ ಎಂದು ನಿಯಂತ್ರಕರಿಗೆ ಬರೆಯುವುದು ಲಾಬಿಯಲ್ಲವೇ ಅಲ್ಲ, ಏಕೆಂದರೆ ನಿಯಂತ್ರಕರು ಶಾಸಕರಲ್ಲ. ನ್ಯಾಯಾಲಯದಲ್ಲಿ ದಾವೆ ಹೂಡುವುದೂ ಅಲ್ಲ. ಈ ತೆರೆದ ಬಯಲನ್ನು ಎಷ್ಟೋ ಸಂಸ್ಥೆಗಳು ಭಯಪಟ್ಟು ಖಾಲಿ ಬಿಟ್ಟಿರುವುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಸಾಮಾನ್ಯವಾಗಿ ಒಂದು ಕುಟುಂಬದ ಅಥವಾ ಕಂಪನಿಯ ಹಣದಿಂದ ನಡೆಯುವ ಖಾಸಗಿ ಪ್ರತಿಷ್ಠಾನಗಳಿಗೆ ನಿಯಮ ಇನ್ನೂ ಬಿಗಿ. 1967ರಲ್ಲಿ ಕ್ಲೀವ್‌ಲ್ಯಾಂಡ್ ನಗರದ ಕಪ್ಪುಜನರ ಮತದಾರ ನೋಂದಣಿಗೆ ಫೋರ್ಡ್ ಫೌಂಡೇಶನ್ ಹಣ ಕೊಟ್ಟಿತ್ತು. ಆ ವರ್ಷ ಕಪ್ಪುಜನರವರೇ ಆದ ಕಾರ್ಲ್ ಸ್ಟೋಕ್ಸ್ ಅಲ್ಲಿನ ಮೇಯರ್ ಆಗಿ ಆಯ್ಕೆಯಾದರು. ಇಂಥ ಅನುದಾನಗಳ ಮೇಲಿನ ಸಂಸದರ ಸಿಟ್ಟು 1969ರ ತೆರಿಗೆ ಸುಧಾರಣಾ ಕಾಯ್ದೆಯಲ್ಲಿ ಕಾಣುತ್ತದೆ. ಅಂದಿನಿಂದ ಖಾಸಗಿ ಪ್ರತಿಷ್ಠಾನ ಲಾಬಿಗೆಂದೇ ಹಣ ಗೊತ್ತುಮಾಡಿ ಕೊಟ್ಟರೆ ದಂಡದ ತೆರಿಗೆ ಬೀಳುತ್ತದೆ. ಆದರೂ ಎರಡು ದಾರಿಗಳಿವೆ. ಒಂದು, ಸಂಸ್ಥೆಯ ಸಾಮಾನ್ಯ ಖರ್ಚಿಗೆ ಕೊಡುವ ಅನುದಾನ: ಅದನ್ನು ಹೇಗೆ ಬಳಸಬೇಕೆಂಬುದು ಸಂಸ್ಥೆಗೆ ಬಿಟ್ಟದ್ದು, ಲಾಬಿಯೂ ಅದರಲ್ಲಿ ಸೇರಬಹುದು. ಇನ್ನೊಂದು, ಯೋಜನೆಯ ಅನುದಾನ: 2,00,000 ಡಾಲರಿನ ಯೋಜನೆಯಲ್ಲಿ ಲಾಬಿಯ ಪಾಲು 20,000 ಎಂದು ಬಜೆಟ್ ತೋರಿಸಿದರೆ, ಪ್ರತಿಷ್ಠಾನ 1,80,000ದವರೆಗೆ ನಿಶ್ಚಿಂತೆಯಿಂದ ಕೊಡಬಹುದು. ಅರ್ಜಿಯಲ್ಲಿ ಲಾಬಿಯ ಸಾಲನ್ನು ಮುಚ್ಚಿಡಬೇಡಿ. ಬೇರೆಯಾಗಿ, ಸ್ಪಷ್ಟವಾಗಿ ತೋರಿಸಿದರೇನೇ ಇಬ್ಬರಿಗೂ ರಕ್ಷಣೆ.

ಜನಾಂಗ ನೋಡಿ ಕೊಡುವುದು, ನೀತಿಗಾಗಿ ಕೊಡುವುದು

ಇವೆರಡನ್ನು ಬೆರೆಸಬೇಡಿ. ಅಟ್ಲಾಂಟಾದ ಫಿಯರ್‌ಲೆಸ್ ಫಂಡ್ ಕಪ್ಪುಜನ ಮಹಿಳೆಯರ ಉದ್ದಿಮೆಗಳಿಗಷ್ಟೇ 20,000 ಡಾಲರಿನ ಅನುದಾನ ಸ್ಪರ್ಧೆ ನಡೆಸುತ್ತಿತ್ತು. ಅದು ಒಪ್ಪಂದಗಳಲ್ಲಿ ಜನಾಂಗಭೇದ ಮಾಡಬಾರದೆನ್ನುವ 1866ರ ನಾಗರಿಕ ಹಕ್ಕು ಕಾಯ್ದೆಯನ್ನು ಮೀರುವಂತೆ ಕಾಣುತ್ತದೆಂದು 2024ರ ಜೂನ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ತಡೆಯಿತು. ಸೆಪ್ಟೆಂಬರ್‌ನಲ್ಲಿ ರಾಜಿಯಾಗಿ ಸ್ಪರ್ಧೆ ನಿಂತಿತು. ಗುಲಾಮಗಿರಿಯಿಂದ ಬಿಡುಗಡೆಯಾದವರ ರಕ್ಷಣೆಗೆ ಬಂದ ಕಾಯ್ದೆಯನ್ನೇ ಅವರ ಮರಿಮಕ್ಕಳ ವಿರುದ್ಧ ಹಿಡಿದದ್ದು ನನಗೆ ಅನ್ಯಾಯವಾಗಿ ಕಾಣುತ್ತದೆ. ಆದರೆ ಅನುದಾನದ ಅರ್ಜಿ ಬರೆಯುವವರು ತೀರ್ಪನ್ನು ತಿಳಿದಿರಲೇಬೇಕು. ಅಂತರದ ಬಗ್ಗೆ ಅಧ್ಯಯನ ಮಾಡುವ, ಕಾನೂನು ಬದಲಿಸಲು ದುಡಿಯುವ ಕೆಲಸಕ್ಕೆ ಹಣ ಕೊಡುವುದು ಬೇರೆ ಬಗೆಯದು.

ಜನಾಂಗದ ಬದಲು ಮನೆಯ ಬಡತನ ನೋಡಿ ಕೊಟ್ಟರೂ ಅಂತರ ತಗ್ಗಿಸಬಹುದು. ವಿಲಿಯಂ ಡ್ಯಾರಿಟಿ ಮತ್ತು ಡ್ಯಾರಿಕ್ ಹ್ಯಾಮಿಲ್ಟನ್ ಎಂಬ ಅರ್ಥಶಾಸ್ತ್ರಜ್ಞರು 2010ರ ಪ್ರಬಂಧವೊಂದರಲ್ಲಿ 'ಬೇಬಿ ಬಾಂಡ್' ಯೋಜನೆಯನ್ನು ಮುಂದಿಟ್ಟರು: ಸಂಪತ್ತಿಲ್ಲದ ಮನೆಯಲ್ಲಿ ಹುಟ್ಟಿದ ಮಗುವಿನ ಹೆಸರಿನಲ್ಲಿ ಸರ್ಕಾರವೇ ಹಣ ಇಡುವುದು. 2018ರಲ್ಲಿ ಸೆನೆಟರ್ ಕೋರಿ ಬುಕರ್ ಮಸೂದೆ ಮಂಡಿಸಿದರು, ಅದು ಪಾಸಾಗಲಿಲ್ಲ. 2021ರಲ್ಲಿ ಕನೆಕ್ಟಿಕಟ್ ರಾಜ್ಯ ಕಾಯ್ದೆ ಮಾಡಿತು. ಹಣ ಒದಗಿದ್ದು 2023ರಲ್ಲಿ. ಆ ವರ್ಷದ ಜುಲೈ 1ರಿಂದ ರಾಜ್ಯದ ಬಡವರ ಆರೋಗ್ಯ ವಿಮೆಯಡಿ ಹುಟ್ಟಿದ ಪ್ರತಿ ಮಗುವಿಗೆ 3,200 ಡಾಲರ್ ಹೂಡಲಾಗುತ್ತಿದೆ. 18ರಿಂದ 30ರ ವಯಸ್ಸಿನೊಳಗೆ ಮನೆಗೆ, ಓದಿಗೆ, ಉದ್ದಿಮೆಗೆ, ನಿವೃತ್ತಿಯ ಉಳಿತಾಯಕ್ಕೆ ಅದನ್ನು ಬಳಸಬಹುದು.

ಪ್ರಬಂಧದಿಂದ ಹಣದವರೆಗೆ ಹದಿಮೂರು ವರ್ಷ. ಮೊದಲ ಮಕ್ಕಳಿಗೆ 18 ತುಂಬುವುದು 2041ರಲ್ಲಿ. ಹನ್ನೆರಡು ತಿಂಗಳ ಅನುದಾನ ಕೊಟ್ಟು, ವರ್ಷದ ಕೊನೆಗೆ ಅಂತರ ಎಷ್ಟು ಕಡಿಮೆಯಾಯಿತೆಂದು ಕೇಳುವ ಅರ್ಜಿ ನಮೂನೆಗಳು ಈ ಕೆಲಸದ ಗತಿಯನ್ನೇ ತಿಳಿದಿಲ್ಲ. ಅಂಥ ನಮೂನೆ ನಿಮ್ಮ ಮುಂದೆ ಬಂದರೆ, ಮೊದಲ ವರ್ಷದಲ್ಲಿ ನಿಜವಾಗಿ ಆಗಬಹುದಾದದ್ದನ್ನು ಬರೆಯಿರಿ: ಎಷ್ಟು ಹರಾಜುಗಳ ದಾಖಲೆ ಕೈಗೆ ಬಂತು, ಎಷ್ಟು ಕುಟುಂಬಗಳು ಸಮಿತಿಯ ಮುಂದೆ ಮಾತನಾಡಲು ಒಪ್ಪಿದವು, ಮಸೂದೆಯ ವಿಚಾರಣೆಗೆ ದಿನ ಗೊತ್ತಾಯಿತೇ.