ಒಬ್ಬರಿಗೆ ಉಚ್ಚಾಟನೆ, ಇನ್ನೊಬ್ಬರಿಗೆ ‘ವೈಯಕ್ತಿಕ ಹೇಳಿಕೆ’: ನಾಲಿಗೆ ಜಾರಿದಾಗ ಪಕ್ಷಗಳು ಹಾಕುವ ಲೆಕ್ಕ

2021ರ ಅಕ್ಟೋಬರ್. ಬೆಂಗಳೂರಿನ ಕೆಪಿಸಿಸಿ, ಅಂದರೆ ರಾಜ್ಯ ಕಾಂಗ್ರೆಸ್ ಕಚೇರಿಯಲ್ಲಿ ಪತ್ರಿಕಾಗೋಷ್ಠಿ ಇನ್ನೂ ಶುರುವಾಗಿರಲಿಲ್ಲ. ಮೇಜಿನ ಮೇಲೆ ಚಾನೆಲ್‌ಗಳ ಮೈಕುಗಳನ್ನು ಆಗಲೇ ಜೋಡಿಸಿ ಆಗಿತ್ತು. ಮಾಜಿ ಸಂಸದ ವಿ.ಎಸ್. ಉಗ್ರಪ್ಪ ಕುಳಿತಿದ್ದರು. ಪಕ್ಷದ ಮಾಧ್ಯಮ ಸಂಯೋಜಕ ಎಂ.ಎ. ಸಲೀಂ ಅವರತ್ತ ಬಾಗಿ ಪಿಸುಮಾತಿನಲ್ಲಿ ಏನೋ ಹೇಳತೊಡಗಿದರು. ಪಕ್ಷದ ರಾಜ್ಯಾಧ್ಯಕ್ಷ ಡಿ.ಕೆ. ಶಿವಕುಮಾರ್, ಕಮಿಷನ್, ಪರ್ಸೆಂಟೇಜು ಅಂತೆಲ್ಲ ಮಾತು ಹೋಯಿತು. ಮೈಕು ಆನ್ ಆಗಿತ್ತು ಅನ್ನೋದು ಇಬ್ಬರಿಗೂ ಗೊತ್ತಿರಲಿಲ್ಲ. ವಿಡಿಯೊ ಹೊರಬಂದ ದಿನವೇ ಸಲೀಂ ಅವರನ್ನು ಆರು ವರ್ಷ ಪಕ್ಷದಿಂದ ಹೊರಗೆ ಹಾಕಲಾಯಿತು. ಕೇಳಿಸಿಕೊಂಡ ತಪ್ಪಿಗೆ ಉಗ್ರಪ್ಪನವರಿಗೂ ನೋಟಿಸ್ ಬಂತು.

ಇದಾಗಿ ಎರಡು ತಿಂಗಳಿಗೆ, ಡಿಸೆಂಬರ್ 16ರಂದು, ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುತ್ತಿತ್ತು. ಮಳೆ ಹಾನಿಯ ಬಗ್ಗೆ ಮಾತಾಡಲು ಎಲ್ಲರಿಗೂ ಸಮಯ ಬೇಕಿತ್ತು. ಎಲ್ಲರೂ ಒಟ್ಟಿಗೆ ಎದ್ದು ನಿಂತರೆ ನಾನೇನು ಮಾಡಲಿ, ಸುಮ್ಮನೆ ಎಂಜಾಯ್ ಮಾಡುತ್ತಾ ಕೂರಬೇಕಷ್ಟೆ ಎಂಬ ಅರ್ಥದಲ್ಲಿ ಸ್ಪೀಕರ್ ವಿಶ್ವೇಶ್ವರ ಹೆಗಡೆ ಕಾಗೇರಿ ಬೇಸರ ತೋಡಿಕೊಂಡರು. ಕಾಂಗ್ರೆಸ್ಸಿನ ಕೆ.ಆರ್. ರಮೇಶ್ ಕುಮಾರ್ ಎದ್ದು ಅದಕ್ಕೆ ಒಂದು ‘ಗಾದೆ’ ಜೋಡಿಸಿದರು. ಅತ್ಯಾಚಾರ ತಪ್ಪಿಸಲಾಗದಿದ್ದರೆ ಮಲಗಿ ಅನುಭವಿಸಬೇಕು ಅನ್ನುವ ಆ ಹೊಲಸು ಮಾತು. ಸದನ ನಕ್ಕಿತು. ಸ್ಪೀಕರ್ ಕೂಡ ನಕ್ಕರು.

ಮರುದಿನ ರಮೇಶ್ ಕುಮಾರ್ ಸದನದಲ್ಲಿ ಕ್ಷಮೆ ಕೇಳಿದರು. ಪ್ರಿಯಾಂಕಾ ಗಾಂಧಿ ಟ್ವಿಟರ್‌ನಲ್ಲಿ ಖಂಡಿಸಿದರು. ಪಕ್ಷದ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯಿತು. ಅಮಾನತೂ ಇಲ್ಲ, ಉಚ್ಚಾಟನೆಯೂ ಇಲ್ಲ. 2023ರಲ್ಲಿ ಶ್ರೀನಿವಾಸಪುರದ ಟಿಕೆಟ್ ಮತ್ತೆ ಅವರಿಗೇ ಸಿಕ್ಕಿತು. ಅಧ್ಯಕ್ಷರ ಬಗ್ಗೆ ಪಿಸುಗುಟ್ಟಿದ್ದಕ್ಕೆ ಆರು ವರ್ಷ ಶಿಕ್ಷೆ, ಅತ್ಯಾಚಾರದ ಬಗ್ಗೆ ಸದನದಲ್ಲಿ ತಮಾಷೆ ಮಾಡಿದ್ದಕ್ಕೆ ಒಂದು ಟ್ವೀಟ್. ಪಕ್ಷ ಅದೇ, ವರ್ಷವೂ ಅದೇ.

ಬಿಜೆಪಿಯವರು ರಮೇಶ್ ಕುಮಾರ್ ವಿರುದ್ಧ ಜೋರಾಗಿ ಕೂಗಿದರು. ಕೂಗಬೇಕಾದ ವಿಷಯವೇ. ಆದರೆ ನಕ್ಕ ಸ್ಪೀಕರ್ ತಮ್ಮವರೇ ಅಲ್ವಾ? ಅವರ ಬಗ್ಗೆ ಆ ದನಿ ಕೇಳಲಿಲ್ಲ.

ಇದು ಯಾವುದೋ ಒಂದು ಪಕ್ಷದ ಕಾಯಿಲೆಯಲ್ಲ. ಕ್ವೀನ್ಸ್ ರಸ್ತೆಯ ಕೆಪಿಸಿಸಿ ಕಚೇರಿ, ಮಲ್ಲೇಶ್ವರದ ಬಿಜೆಪಿ ಕಚೇರಿ ಜಗನ್ನಾಥ ಭವನ, ಶೇಷಾದ್ರಿಪುರದ ಜೆಡಿಎಸ್ ಕಚೇರಿ ಜೆ.ಪಿ. ಭವನ, ಮೂರರಲ್ಲೂ ಇದೇ ಲೆಕ್ಕ. ಎದುರಾಳಿ ಆಡಿದರೆ ರಾಜೀನಾಮೆ ಕೊಡಲಿ. ನಮ್ಮವರು ಆಡಿದರೆ ಅದು ವೈಯಕ್ತಿಕ ಹೇಳಿಕೆ, ಮಾಧ್ಯಮದವರು ತಿರುಚಿದ್ದಾರೆ, ಯಾರಿಗಾದರೂ ನೋವಾಗಿದ್ದರೆ ವಿಷಾದವಿದೆ.

ಕಳೆದ ಹತ್ತು ವರ್ಷಗಳಲ್ಲಿ ಇದು ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಗೃಹ ಸಚಿವರ ಕುರ್ಚಿಯ ಸುತ್ತ. 2015ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ಬಿಪಿಒ ಉದ್ಯೋಗಿಯೊಬ್ಬರ ಮೇಲೆ ವಾಹನದೊಳಗೆ ಇಬ್ಬರು ಅತ್ಯಾಚಾರ ಮಾಡಿದರು. ಇಬ್ಬರಾದರೆ ಸಾಮೂಹಿಕ ಹೇಗಾಗುತ್ತದೆ, ಮೂರು ನಾಲ್ಕು ಜನ ಇರಬೇಕಲ್ವಾ ಎಂಬಂತೆ ಆಗಿನ ಗೃಹ ಸಚಿವ, ಕಾಂಗ್ರೆಸ್ಸಿನ ಕೆ.ಜೆ. ಜಾರ್ಜ್ ಪ್ರಶ್ನಿಸಿದರು. ದಿಲ್ಲಿಯ ನಿರ್ಭಯಾ ಪ್ರಕರಣದ ನಂತರ, 2013ರಲ್ಲಿ ಬಂದ ಐಪಿಸಿ 376ಡಿ ಪ್ರಕಾರ ಸಾಮೂಹಿಕ ಅತ್ಯಾಚಾರ ಅನ್ನಲು ಇಬ್ಬರು ಸಾಕು. ಪೊಲೀಸ್ ಇಲಾಖೆಯ ಮಂತ್ರಿಗೆ ಇದು ಗೊತ್ತಿರಬೇಕಿತ್ತು. ಬಿಜೆಪಿ ರಾಜೀನಾಮೆ ಕೇಳಿತು, ಜಾರ್ಜ್ ವಿಷಾದ ವ್ಯಕ್ತಪಡಿಸಿದರು. ತಿಂಗಳ ಕೊನೆಯ ಸಂಪುಟ ಪುನಾರಚನೆಯಲ್ಲಿ ಖಾತೆ ಬದಲಾಯಿತು, ಮಂತ್ರಿಗಿರಿ ಅಲುಗಲಿಲ್ಲ.

ಅದೇ ತಿಂಗಳು ವಿಧಾನ ಪರಿಷತ್ತಿನ ವಿರೋಧ ಪಕ್ಷದ ನಾಯಕ, ಬಿಜೆಪಿಯ ಕೆ.ಎಸ್. ಈಶ್ವರಪ್ಪ ಅವರನ್ನು ಪತ್ರಕರ್ತೆಯೊಬ್ಬರು ಅತ್ಯಾಚಾರ ಪ್ರಕರಣಗಳ ಬಗ್ಗೆ ಕೇಳಿದರು. ನಿಮ್ಮನ್ನೇ ಯಾರೋ ಎಳೆದುಕೊಂಡು ಹೋಗಿ ಅತ್ಯಾಚಾರ ಮಾಡಿದರೆ, ಎಲ್ಲೋ ಇರುವ ನಾವು ಏನು ಮಾಡೋಕಾಗುತ್ತೆ ಎಂಬುದು ಅವರ ಉತ್ತರದ ಸಾರ. ಜಾರ್ಜ್ ರಾಜೀನಾಮೆ ಕೇಳುತ್ತಿದ್ದ ಪಕ್ಷ ತನ್ನ ನಾಯಕನ ಸ್ಥಾನ ಕಿತ್ತುಕೊಳ್ಳಲಿಲ್ಲ. 2019ರಲ್ಲಿ ಅವರು ಮಂತ್ರಿಯಾದರು.

2017ರ ಹೊಸ ವರ್ಷದ ಹಿಂದಿನ ರಾತ್ರಿ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಯಲ್ಲಿ ಹೆಣ್ಣುಮಕ್ಕಳಿಗೆ ಆದ ಕಿರುಕುಳ ದೇಶಕ್ಕೆಲ್ಲ ಸುದ್ದಿಯಾಯಿತು. ಗೃಹ ಸಚಿವ ಜಿ. ಪರಮೇಶ್ವರ್ ಪಾಶ್ಚಿಮಾತ್ಯರಂತಹ ಮನಸ್ಥಿತಿ, ಬಟ್ಟೆಯ ಮಾತು ತೆಗೆದರು. ಇಂಥ ಘಟನೆಗಳು ಆಗುತ್ತವೆ ಎಂದರು. ಕೇಂದ್ರದ ಸಚಿವ ಕಿರಣ್ ರಿಜಿಜು ಇದು ಬೇಜವಾಬ್ದಾರಿ ಮಾತು ಎಂದು ಖಂಡಿಸಿದರು.

ಸರ್ಕಾರ ಬದಲಾಯಿತು. 2021ರ ಆಗಸ್ಟ್‌ನಲ್ಲಿ ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಲ್ಲಿ ವಿದ್ಯಾರ್ಥಿನಿಯ ಮೇಲೆ ಸಾಮೂಹಿಕ ಅತ್ಯಾಚಾರವಾಯಿತು. ಈಗ ಗೃಹ ಸಚಿವರು ಬಿಜೆಪಿಯ ಆರಗ ಜ್ಞಾನೇಂದ್ರ. ಆ ಹೊತ್ತಿನಲ್ಲಿ ಅಲ್ಲಿಗೆ ಹೋಗಬಾರದಿತ್ತು ಎಂಬ ಮಾತು ಬಂತು. ಅದೂ ಸಾಲದು ಅನ್ನುವಂತೆ, ಕಾಂಗ್ರೆಸ್ ನನ್ನ ಮೇಲೆ ಅತ್ಯಾಚಾರ ಮಾಡುತ್ತಿದೆ ಅಂದುಬಿಟ್ಟರು. ಈ ಸಲ ರಾಜೀನಾಮೆ ಕೇಳುವ ಸರದಿ ಕಾಂಗ್ರೆಸ್ಸಿನದು. ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಆ ಮಾತನ್ನು ಒಪ್ಪಲ್ಲ ಅಂದರು, ಜ್ಞಾನೇಂದ್ರ ಮಾತು ವಾಪಸ್ ಪಡೆದರು, ಖಾತೆ ಅವರ ಬಳಿಯೇ ಉಳಿಯಿತು. ಸರ್ಕಾರ ಮತ್ತೆ ಬದಲಾಯಿತು. 2025ರ ಏಪ್ರಿಲ್‌ನಲ್ಲಿ ಬಿಟಿಎಂ ಲೇಔಟ್ ಕಡೆಯ ಗಲ್ಲಿಯೊಂದರಲ್ಲಿ ನಡೆದ ಲೈಂಗಿಕ ಕಿರುಕುಳದ ಸಿಸಿಟಿವಿ ದೃಶ್ಯ ಎಲ್ಲರ ಫೋನಿಗೂ ಬಂತು. ದೊಡ್ಡ ಊರುಗಳಲ್ಲಿ ಅಲ್ಲೊಂದು ಇಲ್ಲೊಂದು ಇಂಥದ್ದು ಆಗುತ್ತದೆ ಎಂದರು ಗೃಹ ಸಚಿವರು. ಯಾರು? ಮತ್ತೆ ಪರಮೇಶ್ವರ್. ಮತ್ತೆ ವಿಷಾದ.

ಬೈಗುಳದಲ್ಲೂ ಇದೇ ಅದಲುಬದಲು. 2023ರ ಆಗಸ್ಟ್‌ನಲ್ಲಿ ಇದೇ ಜ್ಞಾನೇಂದ್ರ ಮಲ್ಲಿಕಾರ್ಜುನ ಖರ್ಗೆಯವರ ಮೈಬಣ್ಣ ಎತ್ತಿ ಆಡಿದಾಗ ಕಾಂಗ್ರೆಸ್ಸಿಗರು ಬೀದಿಗಿಳಿದರು. ದಲಿತ ನಾಯಕನಿಗೆ ಮಾಡಿದ ಅವಮಾನ ಎಂದರು. ಸರಿಯಾಗಿಯೇ ಹೇಳಿದರು. ಮುಂದಿನ ವರ್ಷ ಚನ್ನಪಟ್ಟಣ ಉಪಚುನಾವಣೆಯ ಹೊತ್ತಿಗೆ ಸಚಿವ ಜಮೀರ್ ಅಹ್ಮದ್ ಖಾನ್ ಎಚ್.ಡಿ. ಕುಮಾರಸ್ವಾಮಿ ಅವರ ಬಣ್ಣ ಹಿಡಿದು ಮಾತಾಡಿದರು. ಆಮೇಲೆ, ನಾವು ಹಳೆಯ ಗೆಳೆಯರು, ಪ್ರೀತಿಯಿಂದ ಹಾಗೇ ಕರೆಯುತ್ತಿದ್ದೆ ಎಂದು ಸಮಜಾಯಿಷಿ ಕೊಟ್ಟು ಕ್ಷಮೆ ಕೇಳಿದರು. ಕಾಂಗ್ರೆಸ್ ಬೀದಿಗಿಳಿಯಲಿಲ್ಲ. ಖಂಡಿಸುವ ಕೆಲಸವನ್ನು ಈ ಸಲ ಜೆಡಿಎಸ್, ಬಿಜೆಪಿ ವಹಿಸಿಕೊಂಡವು.

ಕುಮಾರಸ್ವಾಮಿಯವರದ್ದೂ ಎರಡು ಪ್ರಸಂಗ ಇವೆ. 2018ರಲ್ಲಿ ಕಾಂಗ್ರೆಸ್ ಜೊತೆ ಸೇರಿ ಮುಖ್ಯಮಂತ್ರಿಯಾಗಿದ್ದಾಗ, ಕಬ್ಬಿನ ಬಾಕಿಗಾಗಿ ಹೋರಾಡುತ್ತಿದ್ದ ರೈತ ಮಹಿಳೆಯನ್ನು ನಾಲ್ಕು ವರ್ಷ ಎಲ್ಲಿ ಮಲಗಿದ್ದಿರಿ ಎಂದು ಕೇಳಿದರು. ಬಿಜೆಪಿ ಕೆಂಡವಾಯಿತು. 2024ರ ಏಪ್ರಿಲ್‌ನಲ್ಲಿ ಬಿಜೆಪಿಯ ಮಿತ್ರನಾಗಿ ಪ್ರಚಾರ ಮಾಡುತ್ತಾ, ಗ್ಯಾರಂಟಿ ಯೋಜನೆಗಳಿಂದ ಹಳ್ಳಿಯ ಹೆಣ್ಣುಮಕ್ಕಳು ದಾರಿ ತಪ್ಪುತ್ತಿದ್ದಾರೆ ಎಂದರು. ಈಗ ಕೆಂಡವಾಗಿದ್ದು ಕಾಂಗ್ರೆಸ್. ಜೂನ್‌ನಲ್ಲಿ ಅವರು ಕೇಂದ್ರ ಸಚಿವರಾದರು. ಅದೇ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಹಿರಿಯ ಶಾಸಕ ಶಾಮನೂರು ಶಿವಶಂಕರಪ್ಪ ದಾವಣಗೆರೆಯ ಬಿಜೆಪಿ ಅಭ್ಯರ್ಥಿಯನ್ನು ಅಡುಗೆ ಮಾಡುವುದಕ್ಕಷ್ಟೇ ಲಾಯಕ್ಕು ಎಂದಿದ್ದರು. ಆಕೆಯ ಎದುರು ಕಾಂಗ್ರೆಸ್ ನಿಲ್ಲಿಸಿದ್ದು ಕೂಡ ಹೆಣ್ಣುಮಗಳನ್ನೇ, ಶಾಮನೂರರ ಸೊಸೆಯನ್ನೇ.

ಹಾಗಾದರೆ ಪಕ್ಷಗಳು ಯಾವತ್ತೂ ಕ್ರಮ ಕೈಗೊಳ್ಳೋದೇ ಇಲ್ವಾ? ಕೈಗೊಳ್ಳುತ್ತವೆ. ಯಾವಾಗ ಅನ್ನೋದನ್ನು ನೋಡಬೇಕು.

ಆಗ ಬಿಜೆಪಿಯಲ್ಲಿದ್ದ ಬಸನಗೌಡ ಪಾಟೀಲ ಯತ್ನಾಳರನ್ನೇ ತೆಗೆದುಕೊಳ್ಳಿ. 2020ರ ಫೆಬ್ರುವರಿಯಲ್ಲಿ ಅವರು ನೂರು ದಾಟಿದ್ದ ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿ ಅವರನ್ನು ನಕಲಿ ಹೋರಾಟಗಾರ, ಪಾಕಿಸ್ತಾನದ ಏಜೆಂಟ್ ಎಂದರು. ಸದನದಲ್ಲಿ ಗದ್ದಲವಾಯಿತು, ಪಕ್ಷ ಅವರ ಬೆನ್ನಿಗೆ ನಿಂತಿತು. 2023ರ ವಿಧಾನಸಭೆ ಚುನಾವಣೆಯಲ್ಲಿ ಖರ್ಗೆಯವರು ಮೋದಿಯವರನ್ನು ವಿಷಸರ್ಪಕ್ಕೆ ಹೋಲಿಸಿ ವಿಷಾದ ವ್ಯಕ್ತಪಡಿಸಿದ ಬೆನ್ನಲ್ಲೇ, ಯತ್ನಾಳರು ಕೊಪ್ಪಳದಲ್ಲಿ ಸೋನಿಯಾ ಗಾಂಧಿಯವರನ್ನು ವಿಷಕನ್ಯೆ ಎಂದರು. ಪ್ರಧಾನಿಯನ್ನು ನಾಲಾಯಕ್ ಎಂದ ಪ್ರಿಯಾಂಕ್ ಖರ್ಗೆ ಅವರಿಗೂ, ಯತ್ನಾಳರಿಗೂ ನೋಟಿಸ್ ಕೊಟ್ಟಿದ್ದು ಚುನಾವಣಾ ಆಯೋಗ, ಅವರವರ ಪಕ್ಷಗಳಲ್ಲ. ಆದರೆ ಯತ್ನಾಳರ ನಾಲಿಗೆ ಯಡಿಯೂರಪ್ಪ ಕುಟುಂಬದ ಕಡೆಗೆ, ರಾಜ್ಯಾಧ್ಯಕ್ಷ ಬಿ.ವೈ. ವಿಜಯೇಂದ್ರ ಅವರ ಕಡೆಗೆ ತಿರುಗಿತು ನೋಡಿ, ಆಗ ನೋಟಿಸ್ ಮೇಲೆ ನೋಟಿಸ್. 2025ರ ಮಾರ್ಚ್ 26ರಂದು ಆರು ವರ್ಷ ಉಚ್ಚಾಟನೆ.

ಈಶ್ವರಪ್ಪ ಅವರ ಕತೆಯೂ ಬೇರೆಯಲ್ಲ. ಪತ್ರಕರ್ತೆಗೆ ಕೊಟ್ಟ ಆ ಉತ್ತರ, ಮುಂದೊಂದು ದಿನ ಕೆಂಪುಕೋಟೆ ಮೇಲೆ ಭಗವಾಧ್ವಜ ಹಾರಬಹುದೆಂಬ 2022ರ ಮಾತು, ಇದ್ಯಾವುದೂ ಅವರನ್ನು ಪಕ್ಷದಿಂದ ಹೊರಗೆ ಕಳಿಸಲಿಲ್ಲ. ಕಳಿಸಿದ್ದು 2024ರಲ್ಲಿ, ಶಿವಮೊಗ್ಗದಲ್ಲಿ ಪಕ್ಷದ ಅಭ್ಯರ್ಥಿಯ ಎದುರು ಬಂಡಾಯ ನಿಂತಾಗ.

ಶಿಕ್ಷೆಯ ಮಾತು ಎತ್ತಿ, ಬಡ್ತಿ ಕೊಟ್ಟ ಉದಾಹರಣೆಯೂ ಇದೆ. 2019ರ ಮೇ ತಿಂಗಳಲ್ಲಿ ಗೋಡ್ಸೆ ಕುರಿತ ಹೇಳಿಕೆಗಳಿಗಾಗಿ ಪ್ರಜ್ಞಾ ಠಾಕೂರ್, ಅನಂತಕುಮಾರ್ ಹೆಗಡೆ, ನಳಿನ್ ಕುಮಾರ್ ಕಟೀಲ್ ಮೂವರ ವಿಷಯವನ್ನೂ ಶಿಸ್ತು ಸಮಿತಿಗೆ ಕೊಟ್ಟಿದ್ದೇವೆ, ಹತ್ತು ದಿನದಲ್ಲಿ ವರದಿ ಬರುತ್ತದೆ ಎಂದರು ಅಮಿತ್ ಶಾ. ಅದೇ ಆಗಸ್ಟ್‌ನಲ್ಲಿ ಕಟೀಲ್ ರಾಜ್ಯ ಬಿಜೆಪಿ ಅಧ್ಯಕ್ಷರಾದರು! 2021ರ ಅಕ್ಟೋಬರ್‌ನಲ್ಲಿ, ಅಧ್ಯಕ್ಷರಾಗಿದ್ದುಕೊಂಡೇ, ರಾಹುಲ್ ಗಾಂಧಿಯವರನ್ನು ಡ್ರಗ್ ವ್ಯಸನಿ ಅಂದರು. ಅದೇ ದಿನಗಳಲ್ಲಿ ರಾಜ್ಯ ಕಾಂಗ್ರೆಸ್ಸಿನ ಟ್ವಿಟರ್ ಖಾತೆ ಮೋದಿಯವರನ್ನು ‘ಹೆಬ್ಬೆಟ್ಟು ಗಿರಾಕಿ’ ಎಂದಿತ್ತು. ಡಿ.ಕೆ. ಶಿವಕುಮಾರ್ ವಿಷಾದ ಹೇಳಿ, ಟ್ವೀಟ್ ತೆಗೆಸಿ, ತಪ್ಪನ್ನು ಅನುಭವವಿಲ್ಲದ ಸೋಷಿಯಲ್ ಮೀಡಿಯಾ ನಿರ್ವಾಹಕರ ಮೇಲೆ ಹಾಕಿದರು. ಅದು ಒಳ್ಳೆಯ ಕೆಲಸವೇ, ಆದರೆ ಹೆಸರಿಲ್ಲದ ನೌಕರನ ಮೇಲೆ ತಪ್ಪು ಹಾಕೋದು ಸುಲಭ.

ಅನಂತಕುಮಾರ್ ಹೆಗಡೆಯವರದ್ದು ಇನ್ನೂ ಉದ್ದದ ಪಟ್ಟಿ. ಕೇಂದ್ರ ಸಚಿವರಾಗಿದ್ದಾಗಲೇ, 2017ರ ಡಿಸೆಂಬರ್‌ನಲ್ಲಿ, ಕುಕನೂರಿನಲ್ಲಿ ಸಂವಿಧಾನ ಬದಲಿಸಲೆಂದೇ ನಾವು ಬಂದಿರೋದು ಎಂದರು. ಲೋಕಸಭೆಯಲ್ಲಿ ಕ್ಷಮೆ ಕೇಳಿ ಸಚಿವರಾಗಿ ಮುಂದುವರಿದರು. 2020ರಲ್ಲಿ ಬೆಂಗಳೂರಿನಲ್ಲಿ ಸ್ವಾತಂತ್ರ್ಯ ಹೋರಾಟವನ್ನು ನಾಟಕ ಎಂದದ್ದಕ್ಕೆ ಶೋಕಾಸ್ ನೋಟಿಸ್ ಬಂತು. 2024ರ ಮಾರ್ಚ್‌ನಲ್ಲಿ, ಸಂವಿಧಾನ ತಿದ್ದಲು 400 ಸ್ಥಾನ ಬೇಕು ಎಂದರು. ಮಾತು ಹಳೆಯದೇ, ಆದರೆ ಚುನಾವಣೆ ಕಣ್ಣಮುಂದಿತ್ತು. ವಿರೋಧಿಗಳಿಗೆ ಅದು ದೇಶವಿಡೀ ಅಸ್ತ್ರವಾಯಿತು. ವೈಯಕ್ತಿಕ ಹೇಳಿಕೆ ಎಂದ ಬಿಜೆಪಿ ಆ ಸಲ ಅವರಿಗೆ ಟಿಕೆಟ್ ಕೊಡಲಿಲ್ಲ. ಉತ್ತರ ಕನ್ನಡದ ಟಿಕೆಟ್ ಸಿಕ್ಕಿದ್ದು ಕಾಗೇರಿಯವರಿಗೆ.

ದಿಲ್ಲಿಯಲ್ಲೂ ಇದೇ ತೂಕ. 2022ರಲ್ಲಿ ಪ್ರವಾದಿ ಬಗ್ಗೆ ಬಿಜೆಪಿ ವಕ್ತಾರೆ ನೂಪುರ್ ಶರ್ಮಾ ಟಿವಿಯಲ್ಲಿ ಆಡಿದ ಮಾತಿಗೆ ಒಂದು ವಾರಕ್ಕೂ ಜಾಸ್ತಿ ಪಕ್ಷ ಸುಮ್ಮನಿತ್ತು. ಕೊಲ್ಲಿ ದೇಶಗಳಲ್ಲಿ ಆಕ್ರೋಶ ಎದ್ದ ಮೇಲೆ ಜೂನ್ 5ಕ್ಕೆ ಅಮಾನತು ಮಾಡಿತು. ಬೆಳಗಾವಿ ಜಿಲ್ಲೆಯ ಸೊಸೆ ಕರ್ನಲ್ ಸೋಫಿಯಾ ಖುರೇಷಿ ಬಗ್ಗೆ 2025ರಲ್ಲಿ ಕೆಟ್ಟದಾಗಿ ಮಾತಾಡಿದ ಮಧ್ಯಪ್ರದೇಶದ ಸಚಿವ ವಿಜಯ್ ಶಾ ಮೇಲೆ ಕೇಸು ಹಾಕಿಸಲು ಹೈಕೋರ್ಟೇ ಬರಬೇಕಾಯಿತು. ಕಾಂಗ್ರೆಸ್ ಕೂಡ ಚುರುಕಾಗಿ ಶಿಕ್ಷಿಸುತ್ತದೆ, ಅಷ್ಟೇ ಚುರುಕಾಗಿ ಮರೆಯುತ್ತದೆ. ಮೋದಿಯವರನ್ನು ‘ನೀಚ್’ ಎಂದ ಮಣಿಶಂಕರ್ ಅಯ್ಯರ್ 2017ರ ಡಿಸೆಂಬರ್‌ನಲ್ಲಿ ಗುಜರಾತ್ ಮತದಾನದ ಹೊತ್ತಿಗೆ ಅಮಾನತಾದರು, ಮುಂದಿನ ಆಗಸ್ಟ್‌ಗೆ ಒಳಗೆ ಬಂದರು. ಭಾರತೀಯರ ಚಹರೆಯ ಬಗ್ಗೆ ಮಾತಾಡಿ 2024ರ ಮೇನಲ್ಲಿ ಕಾಂಗ್ರೆಸ್ಸಿನ ಸಾಗರೋತ್ತರ ಘಟಕದ ಅಧ್ಯಕ್ಷ ಹುದ್ದೆ ಬಿಟ್ಟ ಸ್ಯಾಮ್ ಪಿತ್ರೋಡಾ ಜೂನ್‌ನಲ್ಲೇ ಮತ್ತೆ ಅದೇ ಹುದ್ದೆಗೆ ಬಂದರು. ಮತ ಎಣಿಕೆ ಮುಗಿದಿತ್ತಲ್ಲ.

ಇದರ ಹಿಂದೆ ಒಂದು ಸರಳ ಲೆಕ್ಕ ಇದೆ. ಪಕ್ಷದಿಂದ ಹೊರಹಾಕಿದರೂ ಶಾಸಕ ಶಾಸಕನಾಗಿಯೇ ಇರುತ್ತಾನೆ. ಪಕ್ಷಾಂತರ ನಿಷೇಧದ 10ನೇ ಅನುಸೂಚಿಯಲ್ಲಿ ಉಚ್ಚಾಟನೆಯಾದರೆ ಸ್ಥಾನ ಹೋಗುತ್ತದೆ ಅಂತ ಇಲ್ಲ. ಯತ್ನಾಳರು ಈಗಲೂ ವಿಜಯಪುರದ ಶಾಸಕರೇ. ಅಂದರೆ ಉಚ್ಚಾಟನೆಯಿಂದ ಪಕ್ಷಕ್ಕೆ ಒಬ್ಬ ಶಾಸಕ, ಅವನ ಜಾತಿಯ ಒಂದಷ್ಟು ಮತ, ಒಂದು ಕ್ಷೇತ್ರದ ಸಂಘಟನೆ ಕೈತಪ್ಪುತ್ತದೆ. ಅವಮಾನಕ್ಕೊಳಗಾದ ಹೆಣ್ಣುಮಗಳಿಂದಲೋ ಅಧಿಕಾರಿಯಿಂದಲೋ ಅಷ್ಟು ನಷ್ಟ ಬರಲ್ಲ. ಆದ್ದರಿಂದ ನೋಟಿಸ್ ಕೊಡುವುದೇ ಎಷ್ಟೋ ಸಲ ಕಾಲ ತಳ್ಳುವ ಉಪಾಯ. ಉತ್ತರ ಕೊಡಲು ದಿನಗಳಿರುತ್ತವೆ, ಅಷ್ಟರಲ್ಲಿ ಚಾನೆಲ್‌ಗಳಿಗೆ ಬೇರೆ ಸುದ್ದಿ ಸಿಕ್ಕಿರುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಗುತ್ತಿಗೆದಾರರೊಬ್ಬರಿಗೆ ಬೆದರಿಕೆ ಹಾಕಿ ಜಾತಿ ನಿಂದನೆ ಮಾಡಿದ ಆರೋಪದ ಮೇಲೆ ರಾಜರಾಜೇಶ್ವರಿನಗರದ ಶಾಸಕ ಮುನಿರತ್ನ ಬಂಧನವಾದಾಗ ಬಿಜೆಪಿ ಐದು ದಿನ ಗಡುವಿನ ನೋಟಿಸ್ ಕೊಟ್ಟಿತ್ತು. ಬಂಧಿಸಲು ಐದು ದಿನ ಬೇಕಾಗಿರಲಿಲ್ಲ.

ಕೋರ್ಟು ಏನಾದರೂ ಮಾಡಬಹುದಾ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೂ ಹೋಗಿತ್ತು. ಉತ್ತರ ಪ್ರದೇಶದಲ್ಲಿ ಆಗ ಮಂತ್ರಿಯಾಗಿದ್ದ ಆಜಂ ಖಾನ್ ಅತ್ಯಾಚಾರ ಪ್ರಕರಣವೊಂದರ ಬಗ್ಗೆ ಆಡಿದ ಮಾತಿನಿಂದ ಹುಟ್ಟಿದ ಆ ಕೇಸಿನಲ್ಲಿ 2023ರ ಜನವರಿ 3ರಂದು ಸಂವಿಧಾನ ಪೀಠ ತೀರ್ಪು ಕೊಟ್ಟಿತು. ಮಂತ್ರಿಯ ಮಾತನ್ನು ಸರ್ಕಾರದ ಮಾತೆಂದು ಹೊರಿಸಲಾಗದು, ಮಾತಿನ ಸ್ವಾತಂತ್ರ್ಯಕ್ಕೆ ಮಿತಿ ಹಾಕುವ ಸಂವಿಧಾನದ 19(2)ನೇ ವಿಧಿಯಲ್ಲಿರುವುದಕ್ಕಿಂತ ಹೆಚ್ಚಿನ ನಿರ್ಬಂಧ ಹೇರಲಾಗದು ಎಂದರು ನಾಲ್ವರು. ಪ್ರತ್ಯೇಕ ತೀರ್ಪು ಬರೆದ ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ, ಪಕ್ಷಗಳು ತಮ್ಮವರ ಮಾತಿಗೆ ನೀತಿ ಸಂಹಿತೆ ಮಾಡಿಕೊಳ್ಳಬಹುದು ಎಂದರು. ಚೆಂಡು ಮತ್ತೆ ಪಕ್ಷಗಳ ಅಂಗಳಕ್ಕೇ ಬಂತು.

ಆ ಅಂಗಳದಲ್ಲಿ ನಡೆದದ್ದು 2025ರ ಆಗಸ್ಟ್‌ನಲ್ಲಿ ಕಾಣಿಸಿತು. ಮತ ಕಳವು ನಡೆದಿದೆ ಎಂದು ರಾಹುಲ್ ಗಾಂಧಿ ಬೆಂಗಳೂರಿಗೇ ಬಂದು ಫ್ರೀಡಂ ಪಾರ್ಕ್‌ನಲ್ಲಿ ಸಭೆ ನಡೆಸಿದ್ದರು. ಮತದಾರರ ಪಟ್ಟಿ ಆಗಿದ್ದು ನಮ್ಮದೇ ಸರ್ಕಾರ ಇದ್ದಾಗ, ಆಗ ಕಣ್ಣು ಮುಚ್ಚಿ ಕೂತಿದ್ದೆವಾ ಎಂಬ ಅರ್ಥದಲ್ಲಿ ಸಹಕಾರ ಸಚಿವ ಕೆ.ಎನ್. ರಾಜಣ್ಣ ಮಾತಾಡಿದರು. ಅದರಲ್ಲಿ ಬೈಗುಳ ಇರಲಿಲ್ಲ. ಯಾವ ಹೆಣ್ಣನ್ನೂ, ಯಾವ ಜಾತಿಯನ್ನೂ ಹೀಯಾಳಿಸಿರಲಿಲ್ಲ. ಆಗಸ್ಟ್ 11ಕ್ಕೆ ಅವರನ್ನು ಸಂಪುಟದಿಂದ ವಜಾ ಮಾಡಲಾಯಿತು. ಅವತ್ತೇ ಮುಂಗಾರು ಅಧಿವೇಶನ ಶುರುವಾಗಿತ್ತು. ಯಾಕೆ ತೆಗೆದಿರಿ, ಕಾರಣ ಹೇಳಿ ಎಂದು ವಿಧಾನಸಭೆಯಲ್ಲಿ ಜೋರು ಮಾಡಿದ್ದು ಬಿಜೆಪಿ. ಅದೇ ಬಿಜೆಪಿ ಯತ್ನಾಳರನ್ನು ಹೊರಹಾಕಿ ಇನ್ನೂ ಐದು ತಿಂಗಳು ತುಂಬಿರಲಿಲ್ಲ.