ಲವಿಂಗ್ ಕೌಂಟಿಯ ಪತ್ರ ಪಕ್ಕದ ಕೌಂಟಿಯಲ್ಲಿ ಏಕಿದೆ?

ಮೈಸೂರಿನಲ್ಲಿ ಕೂತು ಅಮೆರಿಕದ ಜಮೀನು ಪತ್ರಗಳನ್ನು ಪರಿಶೀಲಿಸುವುದು ನನ್ನ ಕೆಲಸ. ಸೈಟು ಕೊಳ್ಳುವ ಮೊದಲು ಇಸಿ ತೆಗೆಸಿ ಮೂಲಪತ್ರ ನೋಡುತ್ತೇವಲ್ಲ, ಹೆಚ್ಚುಕಮ್ಮಿ ಅದೇ. ಟೆಕ್ಸಾಸ್ ರಾಜ್ಯದಲ್ಲಿ ಕ್ರಯಪತ್ರ ನೋಂದಣಿ ಆಗುವುದು ಕೌಂಟಿ (ನಮ್ಮ ಜಿಲ್ಲೆಯಂಥ ವಿಭಾಗ) ಕ್ಲರ್ಕ್ ಕಚೇರಿಯಲ್ಲಿ. ಟೆಕ್ಸಾಸ್ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಮೊದಲು ಹೇಳುವುದು ಲವಿಂಗ್ ಕೌಂಟಿಯ ಕಥೆ.

ಈ ಕೌಂಟಿಯಲ್ಲಿ ಮೊದಲ ವರ್ಷ ನಾನೇ ಎಡವಿದ್ದೆ. 1920ರ ದಶಕದ ಒಂದು ಎಣ್ಣೆ ಗುತ್ತಿಗೆ, ಅಂದರೆ ನೆಲದಡಿಯ ಎಣ್ಣೆ ತೆಗೆಯಲು ಮಾಡಿಕೊಂಡ ಪತ್ರ, ಹುಡುಕಬೇಕಿತ್ತು. ಕೌಂಟಿ ಆಗಿದ್ದು 1887ರಲ್ಲಿ ಎಂದು ಓದಿದ್ದೆ. ಹಾಗಾಗಿ ಅಲ್ಲಿನ ಸೂಚಿಯನ್ನಷ್ಟೇ (ನೋಂದಣಿಯಾದ ಪತ್ರಗಳ ಪಟ್ಟಿ) ನೋಡಿ ‘ಪತ್ರ ಸಿಗಲಿಲ್ಲ’ ಎಂದು ವರದಿ ಬರೆದೆ. ಪತ್ರ ಇತ್ತು, ಪಕ್ಕದ ರೀವ್ಸ್ ಕೌಂಟಿಯ ಪುಸ್ತಕದಲ್ಲಿ.

ಟೆಕ್ಸಾಸ್‌ನಲ್ಲಿ ಕೌಂಟಿಯನ್ನು ರಚಿಸುವುದು ಬೇರೆ, ಸಂಘಟಿಸುವುದು ಬೇರೆ. ಶಾಸನಸಭೆ ನಕ್ಷೆಯ ಮೇಲೆ ಗೆರೆ ಎಳೆದು ಹೆಸರಿಟ್ಟರೆ ರಚನೆ ಆಯಿತು. ಅಲ್ಲಿನ ಜನ ಅರ್ಜಿ ಹಾಕಿ, ಚುನಾವಣೆ ನಡೆಸಿ, ನ್ಯಾಯಾಧೀಶ, ಕ್ಲರ್ಕ್, ಶೆರಿಫ್‌ರನ್ನು ಆರಿಸಿಕೊಂಡಾಗ ಸಂಘಟನೆ. ಅಲ್ಲಿಯವರೆಗೆ ಕೋರ್ಟು, ನೋಂದಣಿ ಎಲ್ಲಾ ಪಕ್ಕದ ಕೌಂಟಿಯಲ್ಲೇ.

1887ರಲ್ಲಿ ದೊಡ್ಡ ಟಾಮ್ ಗ್ರೀನ್ ಕೌಂಟಿಯನ್ನು ಒಡೆದು ಲವಿಂಗ್ ಮಾಡಿದರು. 1890ರ ಜನಗಣತಿಯಲ್ಲಿ ಅಲ್ಲಿ ಸಿಕ್ಕಿದ್ದು ಬರೀ 3 ಜನ! ಊರಿಲ್ಲ, ಕೇರಿಯಿಲ್ಲ, ಹೆಸರು ಮಾತ್ರ ಇದೆ.

ಆ ಹೆಸರಿಗೂ ಪ್ರೀತಿಗೂ ಸಂಬಂಧವಿಲ್ಲ. ಹೊಸಬರು ಹಾಗೆ ಅಂದುಕೊಳ್ಳುವುದು ಜಾಸ್ತಿ. ಆಲಿವರ್ ಲವಿಂಗ್ ದನದ ಹಿಂಡುಗಳನ್ನು ದೂರದೂರಕ್ಕೆ ಹೊಡೆದುಕೊಂಡು ಹೋಗಿ ಮಾರುತ್ತಿದ್ದ ವ್ಯಾಪಾರಿ. 1866ರಲ್ಲಿ ಚಾರ್ಲ್ಸ್ ಗುಡ್‌ನೈಟ್ ಜೊತೆ ಸೇರಿ ಪೇಕೋಸ್ ನದಿಯ ಗುಂಟ ಹೊಸ ದಾರಿ ಹಿಡಿದ. ಮರುವರ್ಷ ಹಿಂಡಿಗಿಂತ ಮುಂದೆ ಹೋಗುತ್ತಿದ್ದಾಗ ಅದೇ ನದಿಯ ಬಳಿ ಕೊಮಾಂಚಿ ಎಂಬ ಮೂಲನಿವಾಸಿ ಬುಡಕಟ್ಟಿನವರು ದಾಳಿ ಮಾಡಿದರು. ಗಾಯಗೊಂಡ ಲವಿಂಗ್ ನ್ಯೂ ಮೆಕ್ಸಿಕೋದ ಫೋರ್ಟ್ ಸಮ್ನರ್ ತನಕ ತಲುಪಿದ, ಆದರೆ ಗಾಯ ಕೊಳೆತು ಸತ್ತ. ಗೆಳೆಯ ಗುಡ್‌ನೈಟ್ ಅವನ ಹೆಣವನ್ನು ಟೆಕ್ಸಾಸ್‌ನ ವೆದರ್‌ಫೋರ್ಡ್‌ಗೆ ತಂದು ಮಣ್ಣು ಮಾಡಿಸಿದ. ಲವಿಂಗ್ ಸತ್ತು 20 ವರ್ಷದ ಮೇಲೆ ಈ ಬಯಲಿಗೆ ಅವನ ಹೆಸರು ಬಂತು. ಅವನು ಇಲ್ಲಿ ನೆಲೆಸಿದವನಲ್ಲ, ಈ ಸೀಮೆಯಲ್ಲಿ ಹಾದುಹೋದವನು. ಕೊಮಾಂಚಿಗಳಿಗೆ ಮಾತ್ರ ಇದು ಹಾದುಹೋಗುವ ದಾರಿಯಾಗಿರಲಿಲ್ಲ, ಅವರು ಓಡಾಡಿಕೊಂಡಿದ್ದ ನೆಲ. ಗೆರೆ ಎಳೆಯುವ ಹೊತ್ತಿಗೆ ಅವರನ್ನು ಅಲ್ಲಿಂದ ಓಡಿಸಿಯಾಗಿತ್ತು. ಇದನ್ನೂ ಹುಡುಗರಿಗೆ ಹೇಳುತ್ತೇನೆ. ಮೊದಲ ಕ್ರಯಪತ್ರಕ್ಕಿಂತ ಹಿಂದೆಯೂ ಆ ನೆಲದಲ್ಲಿ ಜನ ಇದ್ದರು ಅಲ್ವಾ?

1893ರಲ್ಲಿ ಡೆನ್ವರ್‌ನಿಂದ ಬಂದವರು ಪೇಕೋಸ್ ನದಿಗೆ ಕಾಲುವೆ ತೋಡಿ ಬೇಸಾಯ ಮಾಡಿಸುತ್ತೇವೆ ಎಂದರು. ಕೌಂಟಿ ಸಂಘಟಿಸಲು 150 ಸಹಿಗಳ ಅರ್ಜಿಯೂ ಹೋಯಿತು. ಮೂರು ವರ್ಷದ ಹಿಂದೆ 3 ಜನ ಇದ್ದ ಜಾಗವಿದು. ಚುನಾವಣೆ ಆಯಿತು, ಮೆಂಟೋನ್ ಎಂಬ ಊರು ಕೇಂದ್ರವಾಯಿತು. ಆದರೆ ಪ್ರವಾಹ ಬಂದು ಕಾಲುವೆ ಕೆಲಸ ಕೊಚ್ಚಿಹೋಯಿತು, ಜನ ಗುಳೆ ಎದ್ದರು. 1897ರಲ್ಲಿ ಶಾಸನಸಭೆ ಕೌಂಟಿಯ ಸಂಘಟನೆಯನ್ನೇ ರದ್ದು ಮಾಡಿ ರೀವ್ಸ್‌ಗೆ ಸೇರಿಸಿತು.

ಮತ್ತೆ ಜನ ಬಂದಿದ್ದು ಎಣ್ಣೆ ಸಿಕ್ಕ ಮೇಲೆ, 1920ರ ದಶಕದಲ್ಲಿ. 1931ರಲ್ಲಿ ಎರಡನೇ ಸಲ ಸಂಘಟನೆ ಆಯಿತು. ಟೆಕ್ಸಾಸ್‌ನ 254 ಕೌಂಟಿಗಳಲ್ಲಿ ಹೀಗೆ ಎರಡು ಸಲ ಸಂಘಟನೆಯಾದದ್ದು ಇದೊಂದೇ. ಈಗಿನ ಮೆಂಟೋನ್ ಕೂಡ ಹಳೆಯ ಜಾಗದಲ್ಲಿಲ್ಲ. ಹೆಸರು ಮಾತ್ರ ಮುಂದುವರಿದಿದೆ, ಹಾಗಾಗಿ ಹಳೆ ಪತ್ರದ ‘ಮೆಂಟೋನ್’ ಹೊಸ ಊರು ಎಂದು ಸುಮ್ನೆ ನಂಬಬಾರದು. 2020ರ ಜನಗಣತಿಯಲ್ಲಿ ಇಡೀ ಕೌಂಟಿಗೆ 64 ಜನ. ನೆಲದಡಿ ಎಣ್ಣೆ ಇರುವುದರಿಂದ ಪತ್ರಗಳಿಗೆ ಮಾತ್ರ ಬರವಿಲ್ಲ.

ಹಾಗಾಗಿ ನಮ್ಮ ತಂಡದ ರೂಢಿ ಹೀಗಿದೆ. 1931ರ ನಂತರದ್ದಕ್ಕೆ ಲವಿಂಗ್ ಸೂಚಿ. 1897ರಿಂದ 1931ರವರೆಗಿನದಕ್ಕೆ ಪೇಕೋಸ್ ಊರಿನಲ್ಲಿರುವ ರೀವ್ಸ್ ಕಚೇರಿಯ ಪುಸ್ತಕಗಳನ್ನೂ ತೆರೆಯಲೇಬೇಕು. 1893ರಿಂದ 1897ರವರೆಗಿನ ಪತ್ರ ಬಂದರೆ ನಾನೇ ಕೂತು ನೋಡುತ್ತೇನೆ. ಯಾವ ಅಧಿಕಾರಿಯ ಸಹಿ, ಯಾವ ಮುದ್ರೆ ಎಂದು ಒಂದೊಂದನ್ನೂ ಪರಿಶೀಲಿಸುತ್ತೇನೆ. ಪತ್ರದ ಒಕ್ಕಣೆಯನ್ನೂ ಪೂರ್ತಿ ಓದಿಸುತ್ತೇನೆ. ‘ನ್ಯಾಯಾಂಗದ ಉದ್ದೇಶಕ್ಕೆ ರೀವ್ಸ್‌ಗೆ ಸೇರಿದ ಲವಿಂಗ್ ಕೌಂಟಿ’ ಎಂಬಂಥ ಸಾಲು ಅಲ್ಲಿ ಇರಬಹುದು. ಮೊದಲ ವರ್ಷ ಎಡವಿದಾಗ ನನ್ನ ಕೈಯಲ್ಲಿದ್ದ ಇನ್ನೊಂದು ಪತ್ರದಲ್ಲಿ ಆ ಸಾಲು ಇತ್ತು. ನಾನು ಸರ್ವೆ ನಂಬರ್ ಮಾತ್ರ ನೋಡಿ ಮುಂದೆ ಹೋಗಿದ್ದೆ.